ಗಸಗಸೆ ಕಾಳಿಗಿಂತ ಚಿಕ್ಕ ಮಿದುಳು

2024ರ ಅಕ್ಟೋಬರ್ ತಿಂಗಳ ಒಂದೇ ವಾರದೊಳಗೆ ವಿಜ್ಞಾನದ ಮೂರು ದೊಡ್ಡ ಸುದ್ದಿಗಳು ಬಂದವು. 2ನೇ ತಾರೀಖು ‘ನೇಚರ್’ ಪತ್ರಿಕೆ ಒಂಬತ್ತು ಪ್ರಬಂಧಗಳನ್ನು ಒಟ್ಟಿಗೆ ಪ್ರಕಟಿಸಿತು. ಹಣ್ಣುನೊಣದ ಇಡೀ ಮಿದುಳಿನಲ್ಲಿ ಯಾವ ನರಕೋಶ ಯಾವುದಕ್ಕೆ ಹೆಣೆದುಕೊಂಡಿದೆ ಎಂಬ ಪೂರ್ಣ ನಕ್ಷೆ ಅವುಗಳಲ್ಲಿತ್ತು. 7ನೇ ತಾರೀಖು ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಅವರಿಗೆ ಸಂದಿತು. ಒಂದು ಮಿಲಿಮೀಟರ್ ಉದ್ದದ ಒಂದು ಹುಳುವನ್ನು ಗಮನಿಸುತ್ತಾ ಅವರು ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ಅಣುಗಳನ್ನು ಗುರುತಿಸಿದ್ದರು. 8ನೇ ತಾರೀಖು ಭೌತಶಾಸ್ತ್ರದ ನೊಬೆಲ್ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರ ಪಾಲಾಯಿತು. ನರಕೋಶಗಳ ಜಾಲವನ್ನು ನೆನಪಿಸುವ ಗಣಿತದ ಜಾಲಗಳನ್ನು ಕಟ್ಟಿದ್ದಕ್ಕೆ, ಅಂದರೆ ಇಂದಿನ ಕೃತಕ ಬುದ್ಧಿಮತ್ತೆಗೆ ಅಡಿಪಾಯ ಹಾಕಿದ್ದಕ್ಕೆ, ಅವರಿಗೆ ಆ ಗೌರವ.

ಒಂದು ನರವಿಜ್ಞಾನ, ಒಂದು ಜೀವಶಾಸ್ತ್ರ, ಒಂದು ಭೌತಶಾಸ್ತ್ರ. ಪತ್ರಿಕೆಗಳು ಇವನ್ನು ಮೂರು ಬೇರೆ ಬೇರೆ ಸುದ್ದಿಗಳಾಗಿ ಅಚ್ಚು ಹಾಕಿದವು. ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಇವು ಒಂದೇ ಕುಟುಂಬದ ಮೂರು ಮಕ್ಕಳಂತೆ ಕಂಡವು. ನೊಣದ ನಕ್ಷೆಯ ಹಿಂದೆ ಹುಳುವಿನ ನಕ್ಷೆಯಿದೆ. ಹುಳುವಿನ ನಕ್ಷೆಯ ಹಿಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ. ನಕ್ಷೆಯನ್ನು ಬಿಡಿಸಿದ ಯಂತ್ರದ ಹಿಂದೆ ಹಾಪ್‌ಫೀಲ್ಡ್ ಮತ್ತು ಹಿಂಟನ್ ಇದ್ದಾರೆ. ಇವೆಲ್ಲದರ ಹಿಂದೆ, ಸುದ್ದಿಯಲ್ಲಿ ಅಷ್ಟಾಗಿ ಕಾಣಿಸದ, ಗಂಟೆಗಟ್ಟಲೆ ಕೂತು ಒಂದೇ ಕಡೆ ನೋಡಿದ ನೂರಾರು ಜನರ ಕಣ್ಣು ಮತ್ತು ಕೈಗಳಿವೆ. ಈ ಬರಹ ಮುಖ್ಯವಾಗಿ ಅವರನ್ನು ಕುರಿತದ್ದು.

*

ಹಣ್ಣುನೊಣ ನಮಗೆಲ್ಲ ಪರಿಚಿತ. ಅಡುಗೆಮನೆಯಲ್ಲಿ ಬಾಳೆಹಣ್ಣು ಸ್ವಲ್ಪ ಹೆಚ್ಚು ಮಾಗಿದರೆ ಎಲ್ಲಿಂದಲೋ ಬಂದು ಸುತ್ತುವ ಆ ಪುಟ್ಟ ಹುಳ. ಅದರ ಮಿದುಳು ಗಸಗಸೆ ಕಾಳಿಗಿಂತ ಚಿಕ್ಕದು. ಅಷ್ಟರಲ್ಲಿ 1,39,255 ನರಕೋಶಗಳಿವೆ ಎಂದು ಈಗ ಎಣಿಸಲಾಗಿದೆ. ಅವುಗಳ ನಡುವೆ ಸುಮಾರು 5 ಕೋಟಿ ಸಂಧಿಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಈ ಜಾಗಗಳನ್ನು ಸಿನಾಪ್ಸ್ ಎನ್ನುತ್ತಾರೆ. ಇಷ್ಟನ್ನೇ ಇಟ್ಟುಕೊಂಡು ನೊಣ ಹಾರುತ್ತದೆ, ಜಗಳವಾಡುತ್ತದೆ, ನಿದ್ದೆ ಮಾಡುತ್ತದೆ, ಕಲಿಯುತ್ತದೆ, ಮರೆಯುತ್ತದೆ. ಗಂಡು ನೊಣ ರೆಕ್ಕೆ ಮಿಡಿದು ಹೆಣ್ಣಿಗಾಗಿ ಹಾಡುತ್ತದೆ ಕೂಡ.

ಮಿದುಳು ಬಿಡಿಬಿಡಿ ಕೋಶಗಳಿಂದ ಆಗಿದೆ ಎನ್ನುವುದೇ ಒಂದು ಕಾಲಕ್ಕೆ ಜಗಳದ ವಿಷಯವಾಗಿತ್ತು. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಆಸ್ಪತ್ರೆಯೊಂದರ ಅಡುಗೆಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಒಂದು ಬಣ್ಣ ಹಾಕುವ ವಿಧಾನ ಕಂಡುಕೊಂಡ. ಬೆಳ್ಳಿಯ ಲವಣದಲ್ಲಿ ನೆನೆದ ಮಿದುಳಿನ ತುಣುಕಿನಲ್ಲಿ ನೂರಕ್ಕೆ ಕೆಲವೇ ಕೋಶಗಳು ಕಪ್ಪಾಗುತ್ತಿದ್ದವು. ಅದೇ ಅದರ ಗುಣ. ಎಲ್ಲವೂ ಕಪ್ಪಾಗಿದ್ದರೆ ಮಸಿ ಚೆಲ್ಲಿದ ಕಾಗದದಂತೆ ಏನೂ ಕಾಣುತ್ತಿರಲಿಲ್ಲ. ಕೆಲವೇ ಕಪ್ಪಾದ್ದರಿಂದ ಒಂದು ಕೋಶದ ಕೊಂಬೆ ಬೇರುಗಳು ಮೊದಲ ಬಾರಿಗೆ ಪೂರ್ತಿ ಕಂಡವು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಈ ಕಹಾಲ್ ಅದೇ ವಿಧಾನವನ್ನು ಸುಧಾರಿಸಿ, ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು, ಕಂಡದ್ದನ್ನು ಕೈಯಿಂದ ಬರೆದ. ಚಿಕ್ಕಂದಿನಲ್ಲಿ ಚಿತ್ರಕಾರನಾಗಬೇಕೆಂದಿದ್ದವನು ಅವನು. ಪ್ರತಿ ನರಕೋಶವೂ ಬೇರೆ, ಅವು ಒಂದರಲ್ಲೊಂದು ಬೆಸೆದುಕೊಂಡಿಲ್ಲ ಎಂದು ಕಹಾಲ್ ಹೇಳಿದ. ಎಲ್ಲವೂ ಸೇರಿ ಒಂದೇ ಬಲೆ ಎಂದು ಗಾಲ್ಜಿ ನಂಬಿದ್ದ. 1906ರಲ್ಲಿ ಇಬ್ಬರಿಗೂ ಕೂಡಿಸಿ ನೊಬೆಲ್ ಬಂದಾಗ ಗಾಲ್ಜಿ ತನ್ನ ನೊಬೆಲ್ ಉಪನ್ಯಾಸದಲ್ಲೇ ಕಹಾಲ್‌ನ ವಾದವನ್ನು ಖಂಡಿಸಿದ. ಒಂದೇ ಬಣ್ಣ, ಒಂದೇ ಬಗೆಯ ಮಸೂರ, ಎರಡು ಬೇರೆ ನೋಟ.

ಕಹಾಲ್ ಮನುಷ್ಯರ ಮಿದುಳಿಗೇ ನಿಲ್ಲಲಿಲ್ಲ. 1915ರಲ್ಲಿ ಡೊಮಿಂಗೊ ಸ್ಯಾಂಚೆಸ್ ಎಂಬ ಸಹೋದ್ಯೋಗಿಯ ಜೊತೆ ಕೀಟಗಳ ನರಕೇಂದ್ರಗಳ ಬಗ್ಗೆ ಗ್ರಂಥ ಪ್ರಕಟಿಸಿದ. ಕೀಟದ ಕಣ್ಣಿನ ಹಿಂದಿರುವ ನರಜಾಲದ ನಾಜೂಕು ಅವನನ್ನು ಬೆರಗುಗೊಳಿಸಿತ್ತು. ಆದರೆ ಕೋಶ ಮತ್ತು ಕೋಶದ ನಡುವಿನ ಬಿರುಕು ಅವನಿಗೆ ಕಾಣಲೇ ಇಲ್ಲ. ಅದು ಇರಲೇಬೇಕೆಂದು ಊಹಿಸಿದನಷ್ಟೆ. ಆ ಬಿರುಕಿನ ಅಗಲ ಸುಮಾರು 20 ನ್ಯಾನೋಮೀಟರ್. ನಾವು ಕಾಣುವ ಬೆಳಕಿನ ತರಂಗಾಂತರವೇ 400 ನ್ಯಾನೋಮೀಟರಿಗಿಂತ ಹೆಚ್ಚು. ದಪ್ಪ ಬೆರಳಿನಿಂದ ಸೂಜಿಯ ಕಣ್ಣನ್ನು ತಡವಿ ತಿಳಿಯಲು ಹೋದ ಹಾಗೆ. ಮುಂದಿನ ಹೆಜ್ಜೆಗೆ ಭೌತಶಾಸ್ತ್ರ ಬೇಕಾಗಿತ್ತು.

*

ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ಹಣ್ಣುನೊಣ ಸಾಕುತ್ತಿದ್ದ. ಅದಕ್ಕೆ ‘ನೊಣದ ಕೋಣೆ’ ಎಂದೇ ಹೆಸರಾಯಿತು. 1910ರಲ್ಲಿ ಅಲ್ಲಿ ಕೆಂಪು ಕಣ್ಣಿನ ಸಾವಿರಾರು ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ಸಿಕ್ಕಿತು. ಅದರ ಸಂತತಿಯನ್ನು ಎಣಿಸುತ್ತಾ ಹೋದಾಗ, ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎನ್ನುವುದಕ್ಕೆ ಗಟ್ಟಿ ಆಧಾರ ದೊರೆಯಿತು. 1933ರಲ್ಲಿ ಮಾರ್ಗನ್‌ಗೆ ನೊಬೆಲ್ ಬಂತು.

ಆ ಕೋಣೆಯ ಕಥೆಯಲ್ಲಿ ನನಗೆ ಮಾರ್ಗನ್‌ನಷ್ಟೇ ಇಷ್ಟವಾಗುವವರು ಇನ್ನೂ ಕೆಲವರು. ಕ್ಯಾಲ್ವಿನ್ ಬ್ರಿಜಸ್ ಅಲ್ಲಿಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ತೊಳೆಯಲು ಎತ್ತಿಕೊಂಡ ಬಾಟಲಿಯ ದಪ್ಪ ಗಾಜಿನ ಮೂಲಕವೇ, ಬರಿಗಣ್ಣಲ್ಲಿ, ಒಂದು ನೊಣದ ಕಣ್ಣಿನ ಕೆಂಪು ಉಳಿದವುಗಳಿಗಿಂತ ಬೇರೆಯಾಗಿದೆ ಎಂದು ಗುರುತಿಸಿದ. ಮಾರ್ಗನ್ ಅವನನ್ನು ತೊಟ್ಟಿಯಿಂದ ಮೇಜಿಗೆ ಕರೆದುಕೊಂಡ. ಆಲ್ಫ್ರೆಡ್ ಸ್ಟರ್ಟೆವಂಟ್ ಇನ್ನೂ ಪದವಿ ಓದುತ್ತಿದ್ದ ಹುಡುಗ. ಒಂದು ರಾತ್ರಿ ಕಾಲೇಜಿನ ಮನೆಪಾಠ ಬದಿಗಿಟ್ಟು ನೊಣಗಳ ಅಂಕಿಸಂಖ್ಯೆಯೊಂದಿಗೆ ಕೂತು, ಒಂದು ವರ್ಣತಂತುವಿನ ಮೇಲೆ ವಂಶವಾಹಿಗಳು ಯಾವ ಕ್ರಮದಲ್ಲಿವೆ ಎಂದು ಲೆಕ್ಕ ಹಾಕಿದ. 1913ರಲ್ಲಿ ಪ್ರಕಟವಾದ ಅದೇ ಜಗತ್ತಿನ ಮೊದಲ ವಂಶವಾಹಿ ನಕ್ಷೆ. ನೊಣದ ಮೊದಲ ನಕ್ಷೆ ಎಂದೂ ಅದನ್ನು ಕರೆಯಬಹುದು. ಎಡಿತ್ ವ್ಯಾಲೇಸ್ ಎಂಬ ಚಿತ್ರಕಾರ್ತಿ ಬದಲಾದ ನೊಣಗಳನ್ನು ಒಂದೊಂದಾಗಿ ನೋಡಿ ಬರೆದಳು. ಆ ಕಾಲದ ತಳಿಶಾಸ್ತ್ರದ ಪುಸ್ತಕಗಳಲ್ಲಿ ನಾವು ನೋಡುವ ನೊಣ ಅವಳ ಕೈಯಿಂದ ಬಂದದ್ದು. ಮಾರ್ಗನ್‌ನ ಹೆಂಡತಿ ಲಿಲಿಯನ್ ಸ್ವತಃ ಜೀವವಿಜ್ಞಾನಿ. ಮಕ್ಕಳು ಬೆಳೆದ ಮೇಲೆ, ಸಂಬಳದ ಹುದ್ದೆಯೇನೂ ಇಲ್ಲದೆ ಪ್ರಯೋಗಾಲಯಕ್ಕೆ ಬಂದು, ಎರಡು ಎಕ್ಸ್ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡ ವಿಚಿತ್ರ ನೊಣವನ್ನು ಕಂಡುಹಿಡಿದಳು. ನೊಬೆಲ್ ಹಣ ಬಂದಾಗ ಮಾರ್ಗನ್ ಅದನ್ನು ತನ್ನ ಮಕ್ಕಳ ಜೊತೆ ಬ್ರಿಜಸ್ ಮತ್ತು ಸ್ಟರ್ಟೆವಂಟ್‌ರ ಮಕ್ಕಳಿಗೂ ಹಂಚಿದ. ಯಾರ ದುಡಿಮೆಯಿಂದ ಆ ಪದಕ ಬಂತೆಂಬುದು ಅವನಿಗೆ ಗೊತ್ತಿತ್ತು.

*

ಎರಡನೇ ಮಹಾಯುದ್ಧದ ನಂತರ ಭೌತಶಾಸ್ತ್ರಜ್ಞರು ಗುಂಪುಗುಂಪಾಗಿ ಜೀವಶಾಸ್ತ್ರಕ್ಕೆ ಬಂದರು. ಎರ್ವಿನ್ ಶ್ರೋಡಿಂಗರ್ 1944ರಲ್ಲಿ ಬರೆದ ‘ಜೀವವೆಂದರೇನು?’ ಎಂಬ ಚಿಕ್ಕ ಪುಸ್ತಕ ಹಲವರ ದಾರಿ ಬದಲಿಸಿತು. ಅವರಲ್ಲಿ ಒಬ್ಬ ಸೀಮೋರ್ ಬೆಂಜರ್. ಜರ್ಮೇನಿಯಂ ಎಂಬ ಅರೆವಾಹಕದ ಮೇಲೆ ಕೆಲಸ ಮಾಡಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು, ವೈರಸ್‌ಗಳ ವಂಶವಾಹಿಗಳ ಕಡೆ ತಿರುಗಿದ. ಆಮೇಲೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಇನ್ನೂ ವಿಚಿತ್ರವಾದ ಪ್ರಶ್ನೆ ಕೈಗೆತ್ತಿಕೊಂಡ: ನಡವಳಿಕೆಗೂ ವಂಶವಾಹಿ ಇದೆಯೇ?

ಅವನ 1967ರ ಪ್ರಯೋಗ ಮಕ್ಕಳ ಆಟದಂತಿತ್ತು. ಪರೀಕ್ಷಾ ನಳಿಕೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಒಂದು ತುದಿಗೆ ದೀಪ ಇಟ್ಟ. ನೊಣಗಳು ಸಾಮಾನ್ಯವಾಗಿ ಬೆಳಕಿನ ಕಡೆ ಓಡುತ್ತವೆ. ಓಡಿದವನ್ನು ಮುಂದಿನ ನಳಿಕೆಗೆ ದಾಟಿಸಿ ಮತ್ತೆ ಮತ್ತೆ ಪರೀಕ್ಷಿಸಿದರೆ, ಹಿಂದೆ ಉಳಿಯುವ ಕೆಲವು ನೊಣಗಳು ಬೇರೆಯಾಗಿ ಸಿಗುತ್ತವೆ. ಅವುಗಳಲ್ಲಿ ಏನು ಬದಲಾಗಿದೆ ಎಂದು ಹುಡುಕಬಹುದು. ಬೆಂಜರ್‌ನ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕಾ ಇದೇ ಧಾಟಿಯಲ್ಲಿ ನೊಣದ ಹೊತ್ತಿನ ಪ್ರಜ್ಞೆಯನ್ನು ಹುಡುಕಿದ. ಒಂದು ಬಗೆಯ ನೊಣದ ದಿನ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಹಗಲು ರಾತ್ರಿಯ ಲಯವೇ ಇಲ್ಲ. ಮೂರೂ ಒಂದೇ ವಂಶವಾಹಿಯ ಬದಲಾವಣೆಗಳು ಎಂದು 1971ರಲ್ಲಿ ಗುರುಶಿಷ್ಯರು ಬರೆದರು. ಆ ವಂಶವಾಹಿ ಹೇಗೆ ಗಡಿಯಾರವಾಗಿ ಕೆಲಸ ಮಾಡುತ್ತದೆ ಎಂದು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಂಜರ್ 2007ರಲ್ಲಿ, ಕೊನೊಪ್ಕಾ 2015ರಲ್ಲಿ ತೀರಿಕೊಂಡಿದ್ದರು. ಕೊನೊಪ್ಕಾಗೆ ಕ್ಯಾಲ್‌ಟೆಕ್‌ನಲ್ಲಿ ಕಾಯಂ ಹುದ್ದೆಯೂ ಸಿಕ್ಕಿರಲಿಲ್ಲ.

ಇದೇ ಬೆಂಜರ್‌ನ ಜೊತೆ ಕೆಲಸ ಮಾಡಿದವರಲ್ಲಿ ಒಬೈದ್ ಸಿದ್ದಿಕಿ ಒಬ್ಬರು. ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಡಾಕ್ಟರೇಟ್ ಮಾಡಿದ ಅವರನ್ನು 1962ರಲ್ಲಿ ಹೋಮಿ ಭಾಭಾ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆತಂದರು. ಪರಮಾಣು ಭೌತಶಾಸ್ತ್ರಕ್ಕೆ ಹೆಸರಾದ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ಘಟಕವೊಂದು ಹುಟ್ಟಿದ್ದು ಹಾಗೆ. ಬಿಸಿ ಏರಿದರೆ ಪಾರ್ಶ್ವವಾಯು ಬಡಿದಂತೆ ಬೀಳುವ, ತಂಪಾದರೆ ಎದ್ದು ಓಡಾಡುವ ನೊಣಗಳ ನರಗಳಲ್ಲಿ ಏನು ಕೆಟ್ಟಿದೆ ಎಂಬುದರ ಬಗ್ಗೆ ಸಿದ್ದಿಕಿ ಮತ್ತು ಬೆಂಜರ್ 1976ರಲ್ಲಿ ಒಟ್ಟಿಗೆ ಬರೆದರು. ಮರುವರ್ಷ ವೆರೋನಿಕಾ ರೊಡ್ರಿಗ್ಸ್ ಬಾಂಬೆಗೆ ಬಂದರು. ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಓದಿದ ಅವರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. ಗುರು ಶಿಷ್ಯೆ ಸೇರಿ ರುಚಿ ಮತ್ತು ವಾಸನೆ ತಿಳಿಯದ ನೊಣಗಳನ್ನು ಹುಡುಕಿದರು. 1978ರ ಅವರ ಪ್ರಬಂಧ ಬಂದದ್ದು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಆ ಅಕಾಡೆಮಿ ಇರುವುದು ಬೆಂಗಳೂರಿನಲ್ಲಿ. ಬೇರೆ ಬೇರೆ ವಾಸನೆಗೆ ನೊಣದ ಮಿದುಳಿನ ಬೇರೆ ಬೇರೆ ಚುಕ್ಕೆಗಳು ಎಚ್ಚರಗೊಳ್ಳುತ್ತವೆ ಎಂದು ರೊಡ್ರಿಗ್ಸ್ 1988ರಲ್ಲಿ ತೋರಿಸಿದರು. ವಾಸನೆಯನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳು ಸಿಕ್ಕುವುದಕ್ಕೂ ಮುಂಚಿನ ಮಾತಿದು. ಇಲಿಯಲ್ಲಿ ಅವು ಸಿಕ್ಕಿದ್ದು 1991ರಲ್ಲಿ, ನೊಣದಲ್ಲಿ 1999ರಲ್ಲಿ.

ತೊಂಬತ್ತರ ದಶಕದ ಆರಂಭದಲ್ಲಿ ಸಿದ್ದಿಕಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. ರೊಡ್ರಿಗ್ಸ್ ಕೂಡ ಮುಂದೆ ಅಲ್ಲಿಗೇ ಬಂದರು. 2010ರಲ್ಲಿ ರೊಡ್ರಿಗ್ಸ್, 2013ರಲ್ಲಿ ಸಿದ್ದಿಕಿ ಕಣ್ಣು ಮುಚ್ಚಿದರು. ಬಳ್ಳಾರಿ ರಸ್ತೆಯ ಆ ಆವರಣದಲ್ಲಿ ನೊಣದ ಬಾಟಲಿಗಳು ಈಗಲೂ ಇವೆ.

ಮೈಸೂರಿನದು ಬೇರೆಯೇ ಒಂದು ಪರಂಪರೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಲವು ಜಾತಿಯ ಹಣ್ಣುನೊಣಗಳನ್ನು ಸಾಕಿ ಬೇರೆ ಕಡೆಗೂ ಕೊಡುವ ಕೇಂದ್ರವಿದೆ. ಎಂಟು ವರ್ಣತಂತುಗಳ ನೊಣವನ್ನು ಆರು ವರ್ಣತಂತುಗಳ ಅದರ ದಾಯಾದಿಯ ಜೊತೆ ಕೂಡಿಸಿ, ತಲೆಮಾರುಗಳ ನಂತರ ಪ್ರಯೋಗಾಲಯದಲ್ಲೇ ಹೊಸ ತಳಿಗಳು ಮೂಡುವುದನ್ನು ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ದಶಕಗಳ ಕಾಲ ದಾಖಲಿಸಿದ್ದಾರೆ. ಪಾಶ್ಚಾತ್ಯ ಪ್ರಯೋಗಾಲಯಗಳಲ್ಲಿ ನೊಣಕ್ಕೆ ಜೋಳದ ಹಿಟ್ಟಿನ ಗಂಜಿ ಹಾಕುತ್ತಾರೆ. ಮೈಸೂರಿನ ಪ್ರಬಂಧಗಳನ್ನು ತೆರೆದರೆ ಅಲ್ಲಿನ ಪಾಕ ಹೀಗಿದೆ: ಗೋಧಿ ರವೆ, ಬೆಲ್ಲ, ಅಗರ್, ನೀರು, ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಇದನ್ನು ಊರಿನಲ್ಲಿ ಅಜ್ಜಿಗೆ ಹೇಳಿದಾಗ, “ಹಣ್ಣಿನ ಮೇಲೆ ಕೂತ್ರೆ ಓಡಿಸ್ತೀವಿ, ಅದಕ್ಕೆ ಕೂರಿಸಿ ಸಜ್ಜಿಗೆ ಬೇರೆ ಮಾಡಿ ಹಾಕ್ತಾರಾ?” ಅಂದರು. ನಗು ಬಂದರೂ ಅದರೊಳಗಿನ ಪ್ರಶ್ನೆ ನಿಜವಾದದ್ದೇ. ಇದರಿಂದ ಏನು ಉಪಯೋಗ ಎಂದು ವಿಜ್ಞಾನಿಗಳನ್ನು ಸರ್ಕಾರಗಳೂ ಕೇಳುತ್ತವೆ. ಬಿಳಿ ಕಣ್ಣಿನ ನೊಣದಿಂದ 2024ರ ನಕ್ಷೆಯವರೆಗೆ ನೂರಾ ಹದಿನಾಲ್ಕು ವರ್ಷ. ಯಾವ ವರ್ಷದ ಬಜೆಟ್ಟಿನಲ್ಲೂ ಅಷ್ಟು ಉದ್ದದ ಉತ್ತರಕ್ಕೆ ಜಾಗವಿರುವುದಿಲ್ಲ.

*

ಈಗ ಹುಳುವಿನ ಕಡೆಗೆ. ಬೆಂಜರ್ ನೊಣದ ನಡವಳಿಕೆಯ ಹಿಂದೆ ಬಿದ್ದ ಕಾಲದಲ್ಲೇ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಮಣ್ಣಿನಲ್ಲಿ ಬದುಕುವ, ಪಾರದರ್ಶಕವಾದ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವನ್ನು ಆರಿಸಿಕೊಂಡ. ಅದರಲ್ಲಿ ಇರುವುದು 302 ನರಕೋಶಗಳು. ಒಂದು ಪ್ರಾಣಿಯ ಇಡೀ ನರವ್ಯವಸ್ಥೆಯನ್ನು ತಂತಿತಂತಿಯಾಗಿ ಬರೆದುಬಿಡಬೇಕು ಎಂಬುದು ಅವನ ಆಸೆ. ಅಷ್ಟು ಹೊತ್ತಿಗೆ ಉಪಕರಣವೂ ಸಿದ್ಧವಿತ್ತು. ಎಲೆಕ್ಟ್ರಾನ್ ಕೂಡ ತರಂಗದಂತೆ ವರ್ತಿಸುತ್ತದೆ, ಅದರ ತರಂಗಾಂತರ ಬೆಳಕಿನದಕ್ಕಿಂತ ಎಷ್ಟೋ ಪಾಲು ಚಿಕ್ಕದು. 1931ರಲ್ಲಿ ಬರ್ಲಿನ್‌ನಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿ ಕಟ್ಟಿದ್ದರು. ಕಹಾಲ್ ಊಹಿಸಿದ್ದ ಬಿರುಕು ಐವತ್ತರ ದಶಕದಲ್ಲಿ ಅದರಡಿ ಕಣ್ಣಿಗೆ ಬಿತ್ತು. ಗಾಲ್ಜಿ ಮತ್ತು ಕಹಾಲ್‌ರ ಜಗಳ ತೀರ್ಮಾನವಾಗಲು ಇಬ್ಬರೂ ತೀರಿಕೊಂಡು ದಶಕಗಳು ಕಳೆಯಬೇಕಾಯಿತು.

ಹುಳುವನ್ನು ನೀರುಳ್ಳಿ ಸಿಪ್ಪೆಗಿಂತ ಎಷ್ಟೋ ತೆಳುವಾದ ಸಾವಿರಾರು ಚೂರುಗಳಾಗಿ ಕತ್ತರಿಸಬೇಕು. ನಡುವೆ ಒಂದೂ ಕಳೆದುಹೋಗಬಾರದು. ಆ ಕೈಚಳಕ ನಿಕಲ್ ಥಾಮ್ಸನ್‌ಗೆ ಇತ್ತು. ಒಂದೊಂದು ಚೂರಿನ ಫೋಟೋ ಅಚ್ಚು ಹಾಕಿಸಿ, ಈ ಚೂರಿನಲ್ಲಿ ಕಾಣುವ ಈ ವೃತ್ತ ಮುಂದಿನ ಚೂರಿನಲ್ಲಿ ಎಲ್ಲಿದೆ ಎಂದು ನೋಡಿ, ಪೆನ್ನಿನಿಂದ ಗುರುತು ಹಾಕುತ್ತಾ ಹೋಗಬೇಕು. ಕಂಪ್ಯೂಟರಿನಿಂದ ಮಾಡಿಸಲು ನೋಡಿದರು. ಆ ಕಾಲದ ಯಂತ್ರಕ್ಕೆ ಅದು ಆಗದ ಕೆಲಸ. ಕೊನೆಗೆ ಅದನ್ನು ಕೈಯಲ್ಲೇ ಮಾಡಿದವರು ಜಾನ್ ವೈಟ್ ಮತ್ತು ಐಲೀನ್ ಸೌತ್‌ಗೇಟ್. ಸೌತ್‌ಗೇಟ್ ಪ್ರಯೋಗಾಲಯದ ತಂತ್ರಜ್ಞೆಯಾಗಿ ಸೇರಿದ್ದವರು. ವರ್ಷಾನುಗಟ್ಟಲೆ ಆ ಗೆರೆಗಳನ್ನು ಹಿಂಬಾಲಿಸಿದರು. 1986ರಲ್ಲಿ ಪ್ರಕಟವಾದ ಪ್ರಬಂಧ 340 ಪುಟ. ಅದರ ಪುಟಗಳ ನೆತ್ತಿಯ ಮೇಲೆ ‘ಹುಳುವಿನ ಮನಸ್ಸು’ ಎಂಬ ತುಂಟ ಶೀರ್ಷಿಕೆಯಿತ್ತು. ಲೇಖಕರು ನಾಲ್ವರು: ವೈಟ್, ಸೌತ್‌ಗೇಟ್, ಥಾಮ್ಸನ್, ಬ್ರೆನ್ನರ್. ಗುರುವಿನ ಹೆಸರು ಕಡೆಯಲ್ಲಿ, ಗೆರೆ ಹಿಂಬಾಲಿಸಿದವರ ಹೆಸರು ಮುಂದೆ. ಅದೇ ವರ್ಷ ರುಸ್ಕಾಗೆ ಭೌತಶಾಸ್ತ್ರದ ನೊಬೆಲ್ ಬಂತು, ಮೊದಲ ಸೂಕ್ಷ್ಮದರ್ಶಕದ ಐವತ್ತೈದು ವರ್ಷಗಳ ನಂತರ.

ಆಂಬ್ರೋಸ್ ಮತ್ತು ರುವ್ಕನ್ ಬ್ರೆನ್ನರ್‌ನ ಇದೇ ಹುಳುವಿನ ಪರಂಪರೆಯವರು. ಮೈಕ್ರೋ ಆರ್‌ಎನ್‌ಎಯನ್ನು ಮೊದಲು ವರದಿ ಮಾಡಿದ ಆಂಬ್ರೋಸ್ ಗುಂಪಿನ 1993ರ ಪ್ರಬಂಧದಲ್ಲಿ ಮೊದಲ ಹೆಸರು ರೊಸಲಿಂಡ್ ಲೀ, ಎರಡನೆಯದು ರೋಂಡಾ ಫೈನ್‌ಬಾಮ್, ಮೂರನೆಯದು ಆಂಬ್ರೋಸ್. ಸುದ್ದಿಯಲ್ಲಿ ಎಲ್ಲ ಕಡೆ ಬಂದದ್ದು ಮೂರನೆಯ ಹೆಸರು.

*

302ರಿಂದ 1,39,255ಕ್ಕೆ ಹೋಗುವುದು ಹೇಗೆ? ಡೇವಿ ಬಾಕ್ ಅವರ ತಂಡ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಒಂದು ಹೆಣ್ಣು ನೊಣದ ಮಿದುಳನ್ನು ಸುಮಾರು 7,000 ಚೂರು ಮಾಡಿತು. ಪ್ರತಿ ಚೂರಿನ ದಪ್ಪ ಸುಮಾರು 40 ನ್ಯಾನೋಮೀಟರ್, ನಮ್ಮ ತಲೆಗೂದಲಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 2.1 ಕೋಟಿ ಚಿತ್ರಗಳನ್ನು ತೆಗೆದು 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸೌತ್‌ಗೇಟ್‌ರ ಹಾಗೆ ಪೆನ್ನು ಹಿಡಿದು ಕೂತರೆ ಇದು ಹಲವು ಜನ್ಮಗಳ ಕೆಲಸ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್ ಅವರ ‘ಫ್ಲೈವೈರ್’ ತಂಡ ಇಲ್ಲಿ ಕೃತಕ ನರಜಾಲಗಳನ್ನು ತಂದಿತು. ಇವುಗಳ ಹಿಂದಿನ ಕಥೆಯೂ ಸ್ವಾರಸ್ಯಕರ. ಹಾಪ್‌ಫೀಲ್ಡ್ ಕೂಡ ಬೆಂಜರ್‌ನಂತೆ ಭೌತಶಾಸ್ತ್ರದಿಂದ ಬಂದವರು. ಬೆಂಜರ್ ಇದ್ದ ಕ್ಯಾಲ್‌ಟೆಕ್‌ನಲ್ಲೇ ಇದ್ದುಕೊಂಡು, ಕಾಂತದೊಳಗಿನ ಪರಮಾಣುಗಳು ಒಂದನ್ನೊಂದು ಎಳೆದು ಒಂದು ಸ್ಥಿತಿಗೆ ಬಂದು ನಿಲ್ಲುವ ಗಣಿತವನ್ನೇ ನೆನಪಿನ ಮಾದರಿಯಾಗಿ 1982ರಲ್ಲಿ ಮಂಡಿಸಿದರು. ಹಿಂಟನ್ ಮತ್ತು ಸಂಗಡಿಗರು ಅದನ್ನು ತಾನೇ ಕಲಿಯಬಲ್ಲ ಜಾಲವಾಗಿ ಬೆಳೆಸಿದರು. ಆ ವಂಶದ ಜಾಲಗಳು ಈಗ ನಿಜವಾದ ನರಕೋಶಗಳ ಚಿತ್ರ ನೋಡಿ, ಇದು ಒಂದು ಕೋಶ, ಇದು ಇನ್ನೊಂದು ಎಂದು ಬಣ್ಣ ತುಂಬಿದವು.

ಸುದ್ದಿ ಮನೆಗಳು ಮುಖ್ಯವಾಗಿ ಹೇಳಿದ್ದು ಇಲ್ಲಿಯವರೆಗಿನ ಕಥೆಯನ್ನು: ಯಂತ್ರ ಮಿದುಳನ್ನು ಓದಿತು. ಪ್ರಬಂಧವನ್ನು ಓದಿದರೆ ಬೇರೆಯೇ ಒಂದು ಅಂಕಿ ಸಿಗುತ್ತದೆ. ಯಂತ್ರ ತಪ್ಪು ಮಾಡುತ್ತದೆ. ಎರಡು ಕೋಶಗಳನ್ನು ಒಂದಾಗಿ ಅಂಟಿಸುತ್ತದೆ, ಒಂದರ ಕೊಂಬೆಯನ್ನು ಮುರಿದು ಅನಾಥ ಮಾಡುತ್ತದೆ. ಈ ತಪ್ಪುಗಳನ್ನು ಮನುಷ್ಯರು ಕೂತು ತಿದ್ದಿದರು. ತಿದ್ದುವುದಕ್ಕೆ ಹಿಡಿದ ಶ್ರಮ ಸುಮಾರು 33 ಮಾನವ ವರ್ಷ ಎಂದು ತಂಡವೇ ಅಂದಾಜಿಸಿದೆ. ಒಬ್ಬರೇ ಮಾಡಿದ್ದರೆ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಅದೊಂದೇ ಆಗುತ್ತಿತ್ತು. ಮಾಡಿದವರು ಹಲವು ದೇಶಗಳ ಪ್ರಯೋಗಾಲಯಗಳ ವಿದ್ಯಾರ್ಥಿಗಳು, ಸಂಬಳಕ್ಕೆ ತಿದ್ದುವ ಕೆಲಸ ಮಾಡಿದ ತಂಡಗಳು, ಮತ್ತೆ ನರಕೋಶಗಳಿಗೆ ಬಣ್ಣ ತುಂಬುವ ಆನ್‌ಲೈನ್ ಆಟವೊಂದರಿಂದ ಬಂದ, ವಿಜ್ಞಾನಿಗಳೇ ಅಲ್ಲದ ಹವ್ಯಾಸಿಗಳು. ಬ್ರಿಜಸ್ ಬಾಟಲಿಯ ಗಾಜಿನಾಚೆ ನೋಡಿದ. ಇವರು ಕಂಪ್ಯೂಟರ್ ಪರದೆಯ ಗಾಜಿನಾಚೆ ನೋಡಿದರು. ಯಂತ್ರ ಬಂದದ್ದರಿಂದ ಕೆಲಸ ಸಾಧ್ಯವಾಯಿತು, ಕಣ್ಣಿನ ಕೆಲಸ ಮಾತ್ರ ಹಾಗೇ ಉಳಿಯಿತು.

*

ನಕ್ಷೆ ಸಿಕ್ಕಿತು. ಇನ್ನು ನೊಣ ಅರ್ಥವಾಯಿತೇ?

ಹುಳುವಿನ ಅನುಭವ ಇಲ್ಲಿ ಎಚ್ಚರಿಕೆ ಹೇಳುತ್ತದೆ. ಅದರ ನಕ್ಷೆ ಬಂದು ಸುಮಾರು ನಾಲ್ಕು ದಶಕ. ಆದರೂ ಹುಳು ಮುಂದಿನ ಗಳಿಗೆ ಎತ್ತ ತಿರುಗುತ್ತದೆ ಎಂದು ನಕ್ಷೆ ಒಂದನ್ನೇ ನೋಡಿ ಹೇಳಲಾಗದು. ಈವ್ ಮಾರ್ಡರ್ ಎಂಬ ವಿಜ್ಞಾನಿ ಏಡಿ, ಸೀಗಡಿ ಜಾತಿಯ ಪ್ರಾಣಿಗಳ ಹೊಟ್ಟೆಯನ್ನು ಆಡಿಸುವ, ಸುಮಾರು 30 ನರಕೋಶಗಳ ಒಂದು ಗುಂಪನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ತಂತಿಗಳು ಅವೇ, ಆದರೆ ಅವುಗಳ ಮೇಲೆ ಹರಿದು ಬರುವ ರಾಸಾಯನಿಕ ಬದಲಾದರೆ ಲಯ ಬದಲಾಗುತ್ತದೆ. ವೀಣೆಯ ತಂತಿ, ಮೆಟ್ಟಿಲುಗಳ ಚಿತ್ರ ಕೈಯಲ್ಲಿದ್ದ ಮಾತ್ರಕ್ಕೆ ಇವತ್ತು ಯಾವ ರಾಗ ನುಡಿಸುತ್ತಾರೆ ಎಂದು ಹೇಳಲಾಗುವುದಿಲ್ಲವಷ್ಟೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರುವುದು ಸತ್ತ ನೊಣದ ಒಂದು ಗಳಿಗೆಯನ್ನು. ಅದು ಹಸಿದಿತ್ತೇ, ಹೆದರಿತ್ತೇ, ಏನು ಕಲಿತಿತ್ತು ಎಂಬುದಕ್ಕೆ ಆ ಚಿತ್ರದಲ್ಲಿ ನೇರ ಉತ್ತರ ಸಿಗುವುದಿಲ್ಲ. ಜೊತೆಗೆ ಅದು ಒಂದೇ ಒಂದು ನೊಣ.

ಹಾಗೆಂದು ನಕ್ಷೆಯಿಂದ ಏನೂ ಆಗದು ಎನ್ನುವುದೂ ಸರಿಯಲ್ಲ. ಅಕ್ಟೋಬರ್ 2ರ ಪ್ರಬಂಧಗಳಲ್ಲಿ ಒಂದು, ಈ ನಕ್ಷೆಯನ್ನೇ ಕಂಪ್ಯೂಟರಿನಲ್ಲಿ ಓಡಿಸಿದ್ದು. ಸಿಹಿ ತಿಳಿಯುವ ನರಕೋಶಗಳನ್ನು ಅದರಲ್ಲಿ ಎಚ್ಚರಿಸಿದರೆ, ನೊಣ ತನ್ನ ಸೊಂಡಿಲನ್ನು ಚಾಚುವಂತೆ ಮಾಡುವ ನರಕೋಶ ಮಿಡಿಯಿತು. ನಡುವೆ ಯಾವ ಯಾವ ಕೋಶಗಳು ಪಾಲುಗೊಳ್ಳುತ್ತವೆ ಎಂದು ಆ ಮಾದರಿ ಹೇಳಿದ್ದರಲ್ಲಿ ಬಹುಪಾಲು ಜೀವಂತ ನೊಣಗಳ ಪ್ರಯೋಗಕ್ಕೆ ಹೊಂದಿಕೆಯಾಯಿತು. ಸಿದ್ದಿಕಿ ಮತ್ತು ರೊಡ್ರಿಗ್ಸ್ 1978ರಲ್ಲಿ ಹಿಡಿದಿದ್ದ ಎಳೆಯೂ ಇದೇ: ಸಿಹಿ ನಾಲಿಗೆಯಿಂದ ನಡವಳಿಕೆಯವರೆಗೆ ಹೇಗೆ ನಡೆದುಕೊಂಡು ಬರುತ್ತದೆ? ಅವರ ಕೈಯಲ್ಲಿದ್ದದ್ದು ರುಚಿ ತಿಳಿಯದ ನೊಣಗಳು, ಒಂದಿಷ್ಟು ಸಕ್ಕರೆ ನೀರು. ಇಂದಿನವರ ಕೈಯಲ್ಲಿ ತಂತಿಗಳ ಚಿತ್ರವೂ ಇದೆ. ಆದರೆ ಮಾದರಿ ಸರಿಯೇ ಎಂದು ನೋಡಲು ಮತ್ತೆ ಬಾಟಲಿಯ ಮುಂದೆ, ಜೀವಂತ ನೊಣದ ಮುಂದೆಯೇ ಕೂರಬೇಕಾಯಿತು.

ಮುಂದಿನ ಹೆಜ್ಜೆಗಳೂ ಆರಂಭವಾಗಿವೆ. ಒಂದು ಘನ ಮಿಲಿಮೀಟರ್ ಮಿದುಳಿನ ನಿಖರ ಜೋಡಣೆಯ ಚಿತ್ರ ಕೇಳುವುದು ಆಗದ ಮಾತು ಎಂದು ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ ಬರೆದಿದ್ದ. 2025ರ ಏಪ್ರಿಲ್‌ನಲ್ಲಿ ಇಲಿಯ ಮಿದುಳಿನ ಸರಿಸುಮಾರು ಅಷ್ಟೇ ಭಾಗದ ನಕ್ಷೆ ಪ್ರಕಟವಾಯಿತು. ಅದರಲ್ಲಿ ಎಣಿಸಿದ ಸಂಧಿಗಳು 52 ಕೋಟಿಗೂ ಹೆಚ್ಚು. ಆದರೂ ಮನುಷ್ಯನ ಮಿದುಳು ಇನ್ನೂ ಬಹಳ ದೂರ. ನಮ್ಮ ತಲೆಯೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ, ನೊಣದ್ದಕ್ಕಿಂತ ಆರು ಲಕ್ಷ ಪಟ್ಟು.

ಆ ದೂರವನ್ನು ಯಾರು ನಡೆಯುತ್ತಾರೆ ಎನ್ನುವುದು ನನ್ನಂಥವರಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಇಂದು ಬಾಟಲಿ ಬದಲಿಸುವವರು, ಚಿತ್ರ ತಿದ್ದುವವರು, ರಾತ್ರಿ ಎದ್ದು ನೊಣ ಎಣಿಸುವವರು ಬಹುತೇಕ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಒಂದೆರಡು ವರ್ಷದ ಗುತ್ತಿಗೆಯ ಪ್ರಾಜೆಕ್ಟ್ ಸಹಾಯಕರು. ಪ್ರಾಜೆಕ್ಟ್ ಮುಗಿದರೆ ಕೆಲಸ ಮುಗಿಯಿತು. ಇಂಥವರ ಶ್ರಮವನ್ನು ‘ಸಹಾಯ’ ಎಂದು, ತಲೆಯ ಕೆಲಸವೇ ವಿಜ್ಞಾನ ಎಂದು ಕಥೆ ಹೇಳುತ್ತಾ ಹೋದರೆ, ಯಂತ್ರ ಬಂದಮೇಲೆ ಇವರು ಬೇಡ ಎನ್ನುವುದು ಬಹಳ ಸುಲಭ. ನೊಣದ ನೂರು ವರ್ಷದ ಇತಿಹಾಸ ಆ ಕಥೆಯನ್ನು ಒಪ್ಪುವುದಿಲ್ಲ. ಬಿಳಿ ಕಣ್ಣು, 19 ಗಂಟೆಯ ದಿನ, ಮುರಿದುಹೋದ ಒಂದು ಕೊಂಬೆ, ಇವೆಲ್ಲವೂ ಮೊದಲು ಕಂಡದ್ದು ಬಹಳ ಹೊತ್ತು ಒಂದೇ ಕಡೆ ನೋಡುತ್ತಾ ಕೂತವರಿಗೆ. ಹಾಗೆ ನೋಡಲು ಅವರಿಗೆ ಸಮಯ, ಸಂಬಳ, ಕೂರಲು ಒಂದು ಮೇಜು ಬೇಕಾಗಿತ್ತು. ಬ್ರಿಜಸ್‌ಗೆ ಮಾರ್ಗನ್ ಕೊಟ್ಟದ್ದು ಅದನ್ನೇ.

ಮುಂದೆ ಇಂಥ ಸುದ್ದಿ ಕಂಡಾಗ, ಆಸಕ್ತಿಯಿದ್ದವರು ಮೂಲ ಪ್ರಬಂಧವನ್ನೇ ಹುಡುಕಿ ನೋಡಿ. ಇಂಥ ಹಲವು ಪ್ರಬಂಧಗಳನ್ನು ಹಣ ಕೊಡದೆ ಓದಬಹುದು. ಶೀರ್ಷಿಕೆಯ ಕೆಳಗಿನ ಉದ್ದನೆಯ ಹೆಸರುಗಳ ಪಟ್ಟಿಯನ್ನೂ, ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ಕೃತಜ್ಞತೆಯ ಪ್ಯಾರಾವನ್ನೂ ಬಿಡದೆ ಓದಿ. ನನ್ನ ಓದು ಈಚೆಗೆ ಅಲ್ಲಿಂದಲೇ ಶುರುವಾಗುತ್ತದೆ.